ಎಂಟು ನಾಜಲಿನ ಗಾಡಿ ಮತ್ತು ಬದುವಿನ ಹುಲ್ಲು

ಅಳತೆ ಮಾಡದೆ ಮಾಡಿದ ಕೆಲಸದಲ್ಲಿ ನಾನು ಎಂದೂ ಸಿಕ್ಕಿಬಿದ್ದಿಲ್ಲ. ಸಿಕ್ಕಿಬೀಳುವುದೆಲ್ಲ ಅಳತೆ ಮಾಡಿ ಮಾಡಿದ ಕೆಲಸದಲ್ಲಿ. ಹೈಸ್ಕೂಲಿನಿಂದಲೂ ಹೀಗೇ ನಡೆದು ಬಂದಿದೆ. ಬಿ.ಎಸ್ಸಿ. ಮುಗಿದ ಮೇಲೆ ಸ್ವಲ್ಪ ಹೆಚ್ಚಾಗಿದೆ.

ಇಟ್ಟಿಗಿ ಹತ್ತಿರ ನಮ್ಮದು ನಾಲ್ಕು ಎಕರೆ ಹೊಲ. ಮೆಕ್ಕೆಜೋಳ ಹಾಕುತ್ತೇವೆ. ಕಳೆಗೆ ನಮ್ಮ ಕಡೆ ಕಸ ಅನ್ನುತ್ತಾರೆ, ಕಳೆನಾಶಕಕ್ಕೆ ಕಸದ ಎಣ್ಣೆ. ಈ ಕಸ ತೆಗೆಯಲು ಹಿಂದಿನ ಓಣಿಯ ಚಿಗವ್ವ ಆರು ಮಂದಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಳು. ಸಂಬಂಧದಲ್ಲಿ ನನಗೆ ಚಿಕ್ಕಮ್ಮನೇನೂ ಅಲ್ಲ. ಆದರೂ ಮಾತು ಬಂದಾಗಿನಿಂದ ನಾನು ಚಿಗವ್ವ ಎಂದೇ ಕರೆಯುತ್ತೇನೆ. ಕೂಲಿಯ ಜೊತೆಗೆ ಒಂದು ರೂಢಿ ಇತ್ತು. ಕಿತ್ತ ಕಸ, ಬದುವಿನ ಮೇಲಿನ ಹುಲ್ಲು, ಎರಡೂ ಚಿಗವ್ವನ ಎಮ್ಮೆಗೆ. ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಆ ಎಮ್ಮೆಯ ಹಾಲಿನಲ್ಲೇ ಆಕೆಯ ಸಂಸಾರ ನಡೆಯುತ್ತಿತ್ತು. ನಮ್ಮ ಮನೆಯ ಚಹಾ ಕೂಡ.

ನಾನು ಮಾಡಿದ ಗಾಡಿಯಿಂದ ಮೊದಲು ಹೋದದ್ದು ಈ ರೂಢಿ. ಕಸ ಹೋದದ್ದು ಆಮೇಲೆ.

ಗಾಡಿ ಮಾಡಲು ಕಾರಣ ಇತ್ತು. ಮಳೆ ಹಿಡಿದರೆ ಎಲ್ಲರ ಹೊಲದಲ್ಲೂ ಕಸ ಒಂದೇ ವಾರ ಏಳುತ್ತದೆ, ಎಲ್ಲರಿಗೂ ಆಳು ಒಂದೇ ವಾರ ಬೇಕು. ಕಳೆದ ವರ್ಷ ಆಳು ಸಿಗದೆ ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ನಾಲ್ಕೂ ಎಕರೆ ಎಣ್ಣೆ ಹೊಡೆದ. ಮೂರು ತಿಂಗಳು ಬಲಗೈ ಮೇಲೆತ್ತಲಾಗಲಿಲ್ಲ. ಮನೆಯಲ್ಲಿ ಹಳೆಯ ಸಣ್ಣ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಎಳೆದುಕೊಂಡು ಹೋಗುವಂಥ ಎರಡು ಗಾಲಿಯ ಗಾಡಿ, ಮೇಲೆ ಇನ್ನೂರು ಲೀಟರಿನ ಡ್ರಮ್, ಬ್ಯಾಟರಿ ಪಂಪು, ಹಿಂದೆ ಅಡ್ಡಲಾಗಿ ನಾಲ್ಕು ಮೀಟರ್ ಪೈಪು, ಪೈಪಿಗೆ ಎಣ್ಣೆ ಸಿಂಪಡಿಸುವ ಎಂಟು ನಾಜಲ್. ಇಷ್ಟೇ ನನ್ನ ಯೋಜನೆ.

ಮೊದಲು ಚಿಗವ್ವನಿಗೆ ಹೇಳಿದೆ.

"ಹಂಗಾರ ನಮ್ಮ ಕೆಲಸ ಹೋತನ್ನು," ಅಂದಳು.

"ಮೊದಲನೇ ಸಲಕ್ಕಷ್ಟ, ಚಿಗವ್ವ. ಎರಡನೇ ಕಸಕ್ಕ ನೀವ ಬೇಕು."

"ಹೊಲದಾಗಿಂದು ಏನರ ಮಾಡ್ಕ. ಬದುವಿನ ಹುಲ್ಲು ಮುಟ್ಟಬ್ಯಾಡ. ಎಮ್ಮಿ ಈಗಷ್ಟ ಈದೈತಿ."

"ಹೂಂ," ಅಂದೆ. ನನ್ನ ಮಟ್ಟಿಗೆ ಅದು ಮಾತು ಕೊಟ್ಟ ಹಾಗೆ.

ಮೂರು ಗಾಡಿ

ಹಡಗಲಿಯ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಮೂರು ಸಂಜೆ ಕೂತು ಚಿತ್ರ ಬರೆದೆ. ಮುಂದಿನಿಂದ ಕಂಡಂತೆ ಒಂದು, ಪಕ್ಕದಿಂದ ಕಂಡಂತೆ ಒಂದು, ಮೇಲಿನಿಂದ ಕಂಡಂತೆ ಒಂದು. ಎಲ್ಲ ಅಳತೆಯೂ ಮಿಲಿಮೀಟರಿನಲ್ಲಿ.

ವೆಲ್ಡಿಂಗಿನವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ನೋಡಿದ.

"ಮೂರೂ ಒಮ್ಮಿಗೇ ಬೇಕೇನ್ರಿ?"

"ಯಾವ ಮೂರು?"

"ಗಾಡಿರಿ. ಒಂದು ಅಗಲಂದು, ಒಂದು ಉದ್ದಂದು. ಇದೊಂದಕ್ಕ ಗಾಲಿನ ಇಲ್ಲ."

ಅದು ಮೇಲಿನಿಂದ ಕಂಡ ಚಿತ್ರ. ಒಂದೇ ಗಾಡಿಯನ್ನು ಮೂರು ಕಡೆಯಿಂದ ಬರೆದಿದ್ದೇನೆ ಎಂದು ವಿವರಿಸಿದೆ. ಅವನು ಗೌರವದಿಂದ ತಲೆ ಅಲ್ಲಾಡಿಸಿದ.

"ಇನ್ನಾ ಹುಟ್ಟದ ಗಾಡೀನ ಮೂರು ಕಡಿ ನಿಂತು ನೋಡೀರಿ. ಮನ್ಯಾಗಿನ ಟ್ರ್ಯಾಕ್ಟರ್ ಒಂದ್ ಕಡಿಂದನರ ನೋಡೀರೇನ್ರಿ?"

ನೋಡಿದ್ದೆ. ಗಾಡಿ ಸಿಕ್ಕಿಸುವ ಕೊಂಡಿಯ ಎತ್ತರವನ್ನು ಎರಡು ಸಲ ಅಳೆದಿದ್ದೆ. ಮರುದಿನ ಟ್ರ್ಯಾಕ್ಟರನ್ನು ಅಂಗಡಿಗೆ ಒಯ್ದಾಗ ಅಳತೆ ನಾಲ್ಕು ಇಂಚು ತಪ್ಪಿತ್ತು. ನಾನು ಅಳೆಯುವಾಗ ಟ್ರ್ಯಾಕ್ಟರ್ ಹಿತ್ತಲ ಕಲ್ಲುಚಪ್ಪಡಿಯ ಮೇಲೆ ನಿಂತಿತ್ತು, ಟೇಪಿನ ತುದಿ ಮಣ್ಣಿನ ಮೇಲಿತ್ತು. ಅವನು ಗೇಣಿನಲ್ಲಿ ಅಳೆದು, ಕಬ್ಬಿಣ ಕೊಯ್ದು, ಸಂಜೆಯೊಳಗೆ ಗಾಡಿ ನಿಲ್ಲಿಸಿದ. ಕೊಂಡಿ ಒಂದೇ ಸಲಕ್ಕೆ ಕೂತಿತು.

ಹೊರಡುವಾಗ ಕೇಳಿದ. "ಪೈಪಿನ ಎರಡೂ ತುದಿಗೆ ಒಂದೊಂದು ವಾಲ್ ಕೂಡ್ರಸಿಬಿಡ್ಲೇನ್ರಿ? ಬದುವಿನ ಮಗ್ಗಲಾಗ ಹೋಗುವಾಗ ತುದಿದು ಬಂದ್ ಮಾಡ್ಕೋಬಹುದು."

"ಚಿತ್ರದಾಗ ಇಲ್ಲ," ಅಂದೆ.

"ಚಿತ್ರದಾಗ ಬದೂನೂ ಇಲ್ಲಲ್ರಿ," ಅಂದ.

ವಾಲ್ ಹಾಕಿಸಲಿಲ್ಲ. ಅರ್ಧ ಗಂಟೆಯ ಕೆಲಸವಾಗಿತ್ತು.

ತೆಲಿಗಿಯವರ ಲೋಟ

ಎಂಟೂ ನಾಜಲಿನಿಂದ ನೀರು ಸಮನಾಗಿ ಬರಬೇಕು. ಬರುತ್ತದೋ ಇಲ್ಲವೋ ನೋಡಲು ಒಂದೇ ಅಳತೆಯ ಎಂಟು ಪಾತ್ರೆ ಬೇಕಿತ್ತು. ಅವ್ವನ ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಲೋಟಗಳು ಅಟ್ಟದ ಮೇಲಿದ್ದವು. ಎಲ್ಲ ಒಂದೇ ಗಾತ್ರ. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು, ಊರು ಕೊರೆಸಿದ್ದರು.

ಅಂಗಳದಲ್ಲಿ ಪ್ರತಿ ನಾಜಲಿನ ಕೆಳಗೆ ಒಂದು ಲೋಟ ಇಟ್ಟೆ. ಅಪ್ಪ ಮೊಬೈಲಿನಲ್ಲಿ ಹದಿನೈದು ಸೆಕೆಂಡು ಎಣಿಸಿದ. ಪಂಪು ನಿಲ್ಲಿಸಿ ನೋಡಿದರೆ ಏಳು ಲೋಟ ಅರ್ಧಕ್ಕಿಂತ ಮೇಲೆ, ಮೂರನೆಯದರಲ್ಲಿ ತಳ ಮುಚ್ಚುವಷ್ಟು. ಜಾಗ ಬದಲಿಸದೆ ಇನ್ನೊಮ್ಮೆ ಮಾಡಿದೆ. ಮತ್ತೆ ಅಷ್ಟೇ.

ಅವ್ವ ಬಾಗಿ ಆ ಲೋಟದ ಮೇಲಿನ ಹೆಸರು ಓದಿದಳು. ತೆಲಿಗಿಯದು. ಅಪ್ಪನ ಅಕ್ಕನ ಮನೆಯವರು ಕೊಟ್ಟದ್ದು.

"ನಾಜಲಿಂದೇನೂ ತಪ್ಪಿಲ್ಲ ಬಿಡು," ಅಂದಳು. "ಅವರ ಮನಿ ಕೈ ಮೊದಲಿಂದ ಬಿಗಿ."

ಅಪ್ಪ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದ.

ನಾಜಲ್ ಬಿಚ್ಚಿದಾಗ ಪೈಪು ಕೊಯ್ದ ಪ್ಲಾಸ್ಟಿಕ್ ಚೂರು ಸಿಕ್ಕಿತು. ತೋರಿಸಿದರೂ ಅವ್ವ ತನ್ನ ಮಾತು ಬಿಡಲಿಲ್ಲ. ಡ್ರಮ್ಮಿನಲ್ಲಿ ಇದ್ದದ್ದು ಬರೀ ಬೋರಿನ ನೀರು ಎಂದು ಎಷ್ಟು ಹೇಳಿದರೂ ಲೋಟಗಳನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. "ಎಣ್ಣಿ ಹೊಡಿಯೋ ಪೈಪಿನ ಬಾಯಿಗೆ ಹಿಡದ ಲೋಟ ಅವು," ಅಂದಳು. ಅವು ಬಚ್ಚಲು ಸೇರಿದವು. ಹಲ್ಲಿನ ಬ್ರಷ್ಷು, ಸಾಬೂನಿನ ಚೂರು ಹಾಕಿಡಲು.

ಮುಂದಿನ ತಿಂಗಳು ತೆಲಿಗಿಯ ಮಾವ ಬಂದ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಹೊರಗೆ ಬಂದವನು ಚಹಾ ಬೇಡ ಅಂದ. ಊಟಕ್ಕೂ ನಿಲ್ಲಲಿಲ್ಲ.

ಲೀಟರಿಗೆ ಒಂದು ಚಿಟಿಕೆ

ಹೊಸ ಗಾಡಿ ಪೂಜೆಯಿಲ್ಲದೆ ಹೊಲಕ್ಕೆ ಹೋಗುವಂತಿರಲಿಲ್ಲ. ನನ್ನ ಆಕ್ಷೇಪಣೆಯೂ ಇರಲಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು, ಡ್ರಮ್ಮಿಗೆ ಕುಂಕುಮ, ಒಂದು ತೆಂಗಿನಕಾಯಿ. ನನ್ನ ಪಟ್ಟಿಯಲ್ಲಿ ಇಷ್ಟಕ್ಕೆ ಹತ್ತು ನಿಮಿಷ ಇಟ್ಟಿದ್ದೆ.

ಆ ವಾರ ಮನೆಯಲ್ಲಿ ನಾನು ಮಾತಾಡಿದ್ದು ಪ್ರಮಾಣದ ಬಗ್ಗೆ ಮಾತ್ರ. ಎಣ್ಣೆ ಜಾಸ್ತಿಯಾದರೆ ಪೈರು ಸುಡುತ್ತದೆ, ಕಡಿಮೆಯಾದರೆ ಕಸ ಸಾಯುವುದಿಲ್ಲ, ಲೀಟರಿಗೆ ಇಷ್ಟು ಎಂದು ಲೆಕ್ಕ ಇರಬೇಕು. ಊಟದ ಹೊತ್ತಿನಲ್ಲೂ ಇದೇ. ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ಡ್ರಮ್ ಬರೀ ನೀರು ಹೊಡೆದು ನೋಡುವುದೆಂದು ತೀರ್ಮಾನಿಸಿದ್ದೆ. ಹೊಲದಲ್ಲಿ ನೂರು ಹೆಜ್ಜೆ ಹೋಗುವುದರೊಳಗೆ ಎಂಟು ನಾಜಲಿನಲ್ಲಿ ಮೂರು ನಿಂತವು. ಇನ್ನೂರು ಹೆಜ್ಜೆಗೆ ಐದು. ಸಾಲು ಮುಗಿಯುವಾಗ ಒಂದೇ ನಾಜಲ್ ನಡೆಯುತ್ತಿತ್ತು, ಅದರಿಂದಲೂ ಹಳದಿ ಹನಿ. ಬಿಚ್ಚಿದರೆ ಜಾಲರಿಯ ತುಂಬ ಅರಿಶಿಣ.

ಮೈಲಾರದಿಂದ ತಂದ ಭಂಡಾರ ನಮ್ಮ ಮನೆಯಲ್ಲಿ ಸದಾ ಇರುತ್ತದೆ. ದೇವರ ಅರಿಶಿಣಪುಡಿ. ಹಣೆಗೆ ಹಚ್ಚಿಕೊಳ್ಳುತ್ತೇವೆ, ಹೊಸ ಸಾಮಾನಿಗೂ ಹಚ್ಚುತ್ತೇವೆ. ಡ್ರಮ್ಮಿನೊಳಗೆ ಹಾಕಿದ್ದು ಇದೇ ಮೊದಲು.

"ಎಷ್ಟು ಹಾಕಿದಿ?" ಎಂದು ಅವ್ವನನ್ನು ಕೇಳಿದೆ.

"ನೀ ಹೇಳಿದಂಗ ಲೆಕ್ಕ ಹಾಕೇ ಹಾಕೀನಪ್ಪ. ಲೀಟರಿಗೆ ಒಂದು ಚಿಟಿಕಿ."

ಇನ್ನೂರು ಚಿಟಿಕೆ. ಎಣಿಸಿ ಹಾಕಿದ್ದಳಂತೆ. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ ಎಂದು ಅಪ್ಪನನ್ನು ಗದರಿದ್ದಳಂತೆ. ನಾನು ಸೂಜಿ, ಬ್ರಷ್ಷು ಹಿಡಿದು ಮಧ್ಯಾಹ್ನದವರೆಗೆ ನಾಜಲ್ ತೊಳೆದೆ. ಬಯ್ಯಲು ಬಾಯಿ ಬರಲಿಲ್ಲ. ಮನೆಯಲ್ಲಿ ನನ್ನ ಮಾತನ್ನು ಅಷ್ಟು ಚೆನ್ನಾಗಿ ಪಾಲಿಸಿದವರು ಬೇರೆ ಯಾರೂ ಇಲ್ಲ.

ಗೆರೆ

ಎರಡು ದಿನ ಬಿಟ್ಟು ಎಣ್ಣೆ ಹೊಡೆದೆ. ಬೆಳಗ್ಗೆ ಗಾಳಿ ಇರಲಿಲ್ಲ. ಮುಖಕ್ಕೆ ಬಟ್ಟೆ, ಕೈಗೆ ಗವಸು. ಎಂಟೂ ನಾಜಲ್ ಸಮನಾಗಿ ನಡೆದವು. ಟ್ರ್ಯಾಕ್ಟರ್ ಮೇಲೆ ಕೂತು ಹಿಂದೆ ತಿರುಗಿ ನೋಡಿದಾಗಲೆಲ್ಲ ಮಂಜಿನ ಹಾಗೆ ನಾಲ್ಕು ಮೀಟರ್ ಅಗಲ ಬೀಳುತ್ತಿತ್ತು. ಕಾಲೇಜಿನ ಮೂರು ವರ್ಷದಲ್ಲಿ ನನಗೆ ಅಂಥ ಸಂತೋಷ ಸಿಕ್ಕಿರಲಿಲ್ಲ.

ಪೈಪಿನ ತುದಿಯ ನಾಜಲಿನ ಕೆಳಗೆ ಎಣ್ಣೆ ಅರ್ಧವೇ ಬೀಳುತ್ತದೆ. ನಡುವಿನ ಜಾಗಕ್ಕೆ ಎರಡು ಕಡೆಯಿಂದ ಬಿದ್ದು ಪೂರ್ತಿಯಾಗುತ್ತದೆ. ಹೀಗಾಗಿ ಅಂಚಿನ ಸಾಲಿಗೆ ಪೂರ್ತಿ ಬೀಳಬೇಕಾದರೆ ಒಂದು ನಾಜಲ್ ಹೊಲದ ಹೊರಗೆ ಇರಬೇಕು. ಇದನ್ನು ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ಅದರಂತೆಯೇ ಹೊಡೆದೆ. ನಾಲ್ಕೂ ಕಡೆ.

ಗಾಡಿ ತೊಳೆದು ಮುಗಿಸಿ ಬದುವಿನ ಮೇಲೆ ನಡೆದು ಬರುವಾಗ ಕಾಲು ಒದ್ದೆಯಾಯಿತು. ಬಗ್ಗಿ ನೋಡಿದೆ. ಮೊಣಕಾಲೆತ್ತರದ ಹುಲ್ಲು, ಎಸಳೆಸಳಿಗೂ ಹನಿ.

ನನ್ನ ನೋಟ್‌ಬುಕ್ಕಿನಲ್ಲಿ ಬದು ಒಂದು ಗೆರೆ. ಗೆರೆಯ ಮೇಲೆ ಹುಲ್ಲು ಬೆಳೆಯುವುದಿಲ್ಲ.

ಚಿಗವ್ವ ಅಂದು ಊರಲ್ಲಿ ಇರಲಿಲ್ಲ. ನೆಂಟರ ಮನೆಗೆಂದು ಕೊಟ್ಟೂರಿಗೆ ಹೋಗಿದ್ದಳು. ರಾತ್ರಿ ಬಂದು ಬೆಳಗಾದರೆ ಕುಡಗೋಲು ಹಿಡಿದು ನೆಟ್ಟಗೆ ಬದುವಿಗೇ ಬರುತ್ತಾಳೆ. ಎಣ್ಣೆ ಬಿದ್ದ ಹುಲ್ಲನ್ನು ಎಮ್ಮೆ ತಿನ್ನಬಾರದು, ಅದೂ ಈದ ಎಮ್ಮೆ.

"ಸಂಜಿಕ ಅವರ ಮನಿ ಮುಂದ ಕುಂದ್ರು. ಬಂದ ಕೂಡ್ಲೆ ಹೇಳು," ಅಂದ ಅಪ್ಪ.

ಅದು ಸರಳ ಉಪಾಯ. ಅದಕ್ಕೇ ನನಗೆ ಭರವಸೆ ಬರಲಿಲ್ಲ. ಬಸ್ಸು ತಡವಾದರೆ, ನಾನು ಹೇಳಿದ್ದನ್ನು ಆಕೆ ಮರೆತರೆ, ಬೇರೆ ಯಾರಾದರೂ ಕೊಯ್ದರೆ. ಜೊತೆಗೆ, ಮಾತು ಕೊಟ್ಟ ಮೇಲೆ ತಪ್ಪಿದೆ ಎಂದು ಆಕೆಯ ಮುಖ ನೋಡಿ ಹೇಳುವುದು ನನಗೆ ಬೇಡವಾಗಿತ್ತು. ಇದನ್ನು ಅಂದು ಒಪ್ಪಿಕೊಂಡಿರಲಿಲ್ಲ. ಹಳೆಯ ಎಣ್ಣೆಡಬ್ಬಿ ಸೀಳಿ ತಗಡು ಚಪ್ಪಟೆ ಮಾಡಿದೆ. ಬೋರ್ಡ್ ಬರೆಯಲು ಕೂತೆ.

ಮೊದಲು ಬರೆದುಕೊಂಡದ್ದು ಒಂಬತ್ತು ಸಾಲು. ಎಣ್ಣೆಯ ಹೆಸರು, ಪ್ರಮಾಣ, ಹೊಡೆದ ದಿನ, ಎಷ್ಟು ದಿನ ಮೇಯಿಸಬಾರದು, ಯಾಕೆ. ತಗಡಿನಲ್ಲಿ ಹಿಡಿಸಲಿಲ್ಲ. ಅನಗತ್ಯವಾದದ್ದನ್ನು ಒಂದೊಂದಾಗಿ ತೆಗೆಯುತ್ತ ಬಂದೆ. ಕೊನೆಗೆ ಉಳಿದದ್ದು: ಇಲ್ಲಿ ಹುಲ್ಲು ಕೊಯ್ಯಬಾರದು. ಬೋರ್ಡ್ ಎಂದ ಮೇಲೆ ಹೆಸರಿರಬೇಕು ಎಂದು ಕೆಳಗೆ ಅಪ್ಪನ ಹೆಸರು. ಕೆಂಪು ಬಣ್ಣದಲ್ಲಿ.

ಅಪ್ಪ ಬಂದು ಓದಿದ.

"ಅಕ್ಷರ ಛಲೋ ಅದಾವು," ಅಂದ. "ನಾಳಿಯಿಂದ ನಾ ಊರಾಗ ಯಾವ ದಾರೀಲೆ ತಿರಗಾಡ್ಲಿ, ಅದನ್ನೂ ಕೆಳಗ ಬರದುಬಿಡು."

ಸಾಕ್ಷಿ

ಬೆಳಗ್ಗೆ ಆರಕ್ಕೆ ಚಿಗವ್ವ ಬಂದಳು. ನಾನು ಬೋರಿನ ಮನೆಯ ಹತ್ತಿರ ನಿಂತಿದ್ದೆ. ಬದುವಿನ ಮೇಲೆ ನಾನು ರಾತ್ರಿಯೇ ನಟ್ಟಿದ್ದ ಬೋರ್ಡಿನ ಮುಂದೆ ನಿಂತು ಓದಿದಳು. ಏಳನೇ ತರಗತಿಯವರೆಗೆ ಓದಿದವಳು, ಎರಡು ಸಲ ಓದಿದಳು. ಹುಲ್ಲಿಗೆಂದು ತಂದ ಹಚ್ಚಡವನ್ನು ಮಡಚಿ ಬಗಲಿಗೆ ಇಟ್ಟುಕೊಂಡು ಬಂದ ದಾರಿಯಲ್ಲೇ ಹೋದಳು. ಎಮ್ಮೆ ಉಳಿಯಿತು. ಬೋರ್ಡ್ ಕೆಲಸ ಮಾಡಿತು ಎಂದುಕೊಂಡೆ.

ಅಂದು ಸಂಜೆ ಹಾಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೇ ದಿನ ಅವ್ವ ಕರಿ ಚಹಾ ತಂದು ನನ್ನ ಮುಂದೆ ಕುಕ್ಕಿದಳು.

"ಇಪ್ಪತ್ತು ವರ್ಷ ಕಸ ತಗದಾಕಿಗೆ ಒಂದ್ ಹಿಡಿ ಹುಲ್ಲು ಕೊಡಲಿಲ್ಲಂತ ಗಿರಣ್ಯಾಗ ಮಾತಾಡಾಕತ್ಯಾರ. ಹಿಟ್ಟು ಬೀಸಾಕ ಹೋದ್ರ ನನಗ ಯಾರೂ ಜಾಗ ಬಿಡಲಿಲ್ಲ. ಹೋಗಿ ಹೇಳಿ ಬಾ."

ಹೋದೆ. ಚಿಗವ್ವನ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ತಿರುಗಿ ಬಂದೆ. ಮತ್ತೊಂದು ದಿನ ಹೋದೆ, ಬಾಗಿಲು ಹಾಕಿತ್ತು. ಸಮಾಧಾನವಾಯಿತು. ಆಮೇಲೆ ನನಗೆ ಒಂದು ವಿಚಾರ ಹೊಳೆಯಿತು. ಎಣ್ಣೆ ಬಿದ್ದ ಹುಲ್ಲು ಒಂದು ವಾರದಲ್ಲಿ ಹಳದಿಯಾಗುತ್ತದೆ. ಅದನ್ನು ನೋಡಿದರೆ ಬೋರ್ಡ್ ಯಾಕೆ ಹಾಕಿದ್ದು ಎಂದು ಊರಿಗೆಲ್ಲ ತಾನಾಗಿ ತಿಳಿಯುತ್ತದೆ. ಕಣ್ಣೆದುರಿಗೆ ಸಾಕ್ಷಿ ಇರುವಾಗ ನಾನು ಬಾಯಿಂದ ಹೇಳುವುದೇನು.

ಕಾದೆ. ದಿನಾ ಹೋಗಿ ನೋಡಿದೆ. ಎಂಟನೇ ದಿನಕ್ಕೆ ನಾಲ್ಕೂ ಬದು ಪೂರ್ತಿ ಹಳದಿ. ಹೊಲದಲ್ಲೂ ಕಸ ಒಣಗಿ, ಮೆಕ್ಕೆಜೋಳ ಹಸಿರಾಗಿ ನಿಂತಿತ್ತು. ಲೆಕ್ಕದಲ್ಲಿ ಒಂದು ಹನಿಯೂ ತಪ್ಪಿರಲಿಲ್ಲ.

ಆ ದಿನ ಗಿರಣಿಗೆ ಜೋಳ ಒಯ್ದದ್ದು ನಾನೇ. ಗಿರಣಿಯವನು ಚೀಲ ಇಳಿಸಿಕೊಂಡ. ಬದುವಿನ ಹುಲ್ಲು ನೋಡಿದೆಯಾ ಎಂದು ನಾನಾಗಿಯೇ ಕೇಳಿದೆ.

"ನೋಡಿದ್ವಿ," ಅಂದ. "ಕೊಯ್ಯಬ್ಯಾಡ ಅಂತ ಬೋರ್ಡ್ ಹಾಕೀದಿ. ಅದೂ ಸಾಲದಂತ ಮ್ಯಾಲೆ ಎಣ್ಣಿ ಹೊಡದು ಸುಟ್ಟೀದಿ. ಓದಿದೋರಂದ್ರ ಹಿಂಗ ಇರಬೇಕಪ್ಪ, ಅರ್ಧಕ್ಕ ಬಿಡಂಗಿಲ್ಲ."

ಮರುದಿನ ಚಿಗವ್ವನ ಗುಂಪಿನ ಹೆಣ್ಣುಮಕ್ಕಳು ನಮ್ಮ ಎದುರಿನ ಹೊಲದಲ್ಲಿ ಕಸ ತೆಗೆಯುತ್ತಿದ್ದರು. ಚಿಗವ್ವ ನನಗೆ ಬೆನ್ನು ಮಾಡಿ ಸಾಲು ಹಿಡಿದಳು. ಒಬ್ಬಳು ನನಗೆ ಕೇಳುವಂತೆ ಹೇಳಿದಳು. "ಆ ಕಡಿ ನೋಡಬ್ಯಾಡ್ರೇ. ನೋಡಬಾರದು ಅಂತನೂ ಎಲ್ಲ್ಯರ ಬರದಿರ್ತಾನ."

ಹಲವಾಗಲಿನ ಮೇವು

ಹನ್ನೊಂದನೇ ದಿನ ನಾನು ಸರಿಯಾದ ತಯಾರಿ ಮಾಡಿಕೊಂಡೆ. ಹಲವಾಗಲಿನ ಹೊಳೆದಂಡೆಯಲ್ಲಿ ಹಸಿಮೇವು ಬೆಳೆಯುವ ಗೆಳೆಯ ಇದ್ದಾನೆ. ಅವನ ಹೊಲದಿಂದ ಒಂದು ಗೂಡ್ಸ್ ಗಾಡಿ ತುಂಬ ಮೇವು ತರಿಸಿದೆ. ಎಮ್ಮೆ ದಿನಕ್ಕೆ ಎಷ್ಟು ತಿನ್ನುತ್ತದೆ, ಬದುವಿನಲ್ಲಿ ಎಷ್ಟು ಹುಲ್ಲು ಇತ್ತು, ಎರಡನ್ನೂ ಅಂದಾಜು ಮಾಡಿ, ಅದಕ್ಕಿಂತ ಸ್ವಲ್ಪ ಹೆಚ್ಚೇ ಹೇರಿಸಿದ್ದೆ. ಹೇಳಬೇಕಾದದ್ದನ್ನು ನಾಲ್ಕು ಸಾಲಿನಲ್ಲಿ ಚೀಟಿಯಲ್ಲಿ ಬರೆದುಕೊಂಡಿದ್ದೆ.

ಗಾಡಿ ಚಿಗವ್ವನ ಮನೆ ಮುಂದೆ ನಿಂತಿತು. ಆಕೆ ಕಟ್ಟೆಯ ಮೇಲೆ ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಕೈಯಾಗ ಏನದು?"

"ಚೀಟಿ."

"ನಮ್ಮ ಮನಿ ಮುಂದ ನಡಾಕ ಬಂದೀ ಏನು?"

ಚೀಟಿಯನ್ನು ಕಿಸೆಗೆ ಹಾಕಿದೆ. ಹಾಕಿದ ಮೇಲೆ ಮೊದಲ ಸಾಲು ಮರೆತುಹೋಯಿತು.

"ಬಾಯಿಲೆ ಹೇಳು," ಅಂದಳು.

"ಬದುವಿಗೆ ಎಣ್ಣಿ ಬಿತ್ತು, ಚಿಗವ್ವ. ನನ್ನ ತಪ್ಪು. ಎಮ್ಮಿ ತಿಂದ್ರ ತ್ರಾಸಂತ ಬೋರ್ಡ್ ಹಾಕಿದೆ. ನಿನಗಲ್ಲ."

ಮೊರ ನಿಂತಿತು. ಆಕೆ ಈಗ ತಲೆ ಎತ್ತಿದಳು.

"ಆತಲ್ಲ," ಅಂದಳು. "ಇಷ್ಟ ಅಲ್ಲೇನೋ ಇರೋದು? ಇದನ್ನ ಹೇಳಾಕ ಹನ್ನೊಂದು ದಿನ ಹಿಡೀತೇನು?"

ಬೋರ್ಡಿಗೆಂದು ಬರೆದ ಒಂಬತ್ತು ಸಾಲಿನಲ್ಲೂ ನನ್ನ ತಪ್ಪು ಅನ್ನುವ ಮಾತು ಇರಲಿಲ್ಲ ಎಂದು ಆಗ ನೆನಪಾಯಿತು.

"ನಾ ಏನ್ ಹುಲ್ಲಿಗೆ ಸಿಟ್ಟಾಗೀನೇನು? ಹುಲ್ಲು ಮತ್ತ ಬರತೈತಿ. ನೀ ಸಣ್ಣಾವಿದ್ದಾಗ ಹೊಲದ ಸಾಲಿನಾಗ ನನ್ನ ಸೀರಿ ಸೆರಗು ಹಿಡಕೊಂಡು ಅಡ್ಡಾಡಿದಾವ. ನನಗ ತಗಡಿನ ಮ್ಯಾಲೆ ಬರದು ಹೇಳ್ತೀ?"

"ಮೇವು ಇಳಸ್ಲಾ?" ಎಂದು ಕೇಳಿದೆ.

"ಯಾರಿಗೆ?"

ಆಗ ಅಂಗಳದ ಕಡೆ ನೋಡಿದೆ. ಗೂಟ ಇತ್ತು. ಎಮ್ಮೆ ಇರಲಿಲ್ಲ, ಕರುವೂ ಇರಲಿಲ್ಲ. ಮೇವು ಎಷ್ಟು ಬೇಕು ಎಂದು ಲೆಕ್ಕ ಹಾಕಿದವನು ತಿನ್ನುವುದು ಇದೆಯೋ ಇಲ್ಲವೋ ನೋಡಿರಲಿಲ್ಲ.

"ಹುಲ್ಲಿಲ್ಲದ ಎಷ್ಟು ದಿನ ಕಟ್ಟಿಕೊಂಡು ಕುಂದರ್ಲಿ. ಹರಪನಹಳ್ಳಿಗೆ ಮಗಳ ಮನಿಗೆ ಹೊಡದು ಕಳಿಸಿದೆ. ಮೊನ್ನಿ."

ಮೊನ್ನೆ ಎಂದರೆ ಒಂಬತ್ತನೇ ದಿನ. ಆ ದಿನ ನಾನು ಹಳದಿ ಹುಲ್ಲಿನ ಫೋಟೋ ತೆಗೆದುಕೊಳ್ಳುತ್ತಿದ್ದೆ. ಸಾಕ್ಷಿಗೆ.

"ತಿರುಗಿ ಕರಸು, ಚಿಗವ್ವ. ಮೇವು ನಾ ತಂದು ಹಾಕ್ತೀನಿ. ಬದು ಹಸರಾಗೋ ತನಕ."

ಗೂಡ್ಸ್ ಗಾಡಿಯವನು ಹಾರ್ನ್ ಒತ್ತಿದ. ಚಿಗವ್ವ ಮತ್ತೆ ಮೊರ ಹಿಡಿದಳು. ಎರಡು ಸಲ ಕೇರಿ, ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದಳು.

"ನಾನ್ಯಾಕ ಕರೀಲಿ? ನೀನ ಕರಿ. ಹೆಂಗೂ ಬಾಯಿಲೆ ಕರಿಯಾವಲ್ಲ. ಹರಪನಹಳ್ಳಿ ರಸ್ತಾದಾಗ ಒಂದು ಬೋರ್ಡ್ ನಡು. ನಮ್ಮೆಮ್ಮಿ ಓದಿಕ್ಯಂತ ಬರತೈತಿ."